ಶ್ರೀ ಐದು

ಹೆಸರಿನ ಕೊನೆಗೆ ಅರಸು, ಜೇಬಿನಲ್ಲಿ ಟೆಸ್ಟರು.
ಮೂವತ್ತೊಂದು ವರ್ಷದಿಂದ ಅರಮನೆಯ ಬಲ್ಬು ಬದಲಿಸುವವನು ನಾನು,
ಕಮಾನು, ಗೋಪುರ, ಬಾಗಿಲುಗಳ ನೆತ್ತಿ.
ಕತ್ತು ಮೇಲೆತ್ತಿ ಮೇಲೆತ್ತಿ
ಈಗ ಬಗ್ಗಿಸಿದರೆ ಕಟಕ್ಕೆನ್ನುತ್ತದೆ.

ಹೊರಟದ್ದು ಮುಕ್ತಿನಾಥಕ್ಕೆ.
ಅಗ್ರಹಾರದ ಟೂರಿನವರ ಜೊತೆ ನಲವತ್ತು ಜನ,
ಡಬ್ಬಿ ತುಂಬ ಪುಳಿಯೋಗರೆ ಗೊಜ್ಜು,
ಪುಟ್ಟಮ್ಮಣ್ಣಿಯದು ಎರಡು ಮಂಕಿ ಟೋಪಿ.
ಮೋಡ ಬಿಡಲಿಲ್ಲ, ವಿಮಾನ ಏಳಲಿಲ್ಲ,
ಆರು ದಿನ ಕಠ್ಮಂಡುವಿನಲ್ಲೇ ಕೂತೆವು,
ಕರ್ಫ್ಯೂ ಎದ್ದು ತಿಂಗಳಾಗಿದ್ದ ಊರಲ್ಲಿ,
ಟೈರು ಸುಟ್ಟ ಕಪ್ಪು ಉಂಗುರಗಳು
ರಸ್ತೆ ನಡುವೆ ಇನ್ನೂ ಅಳಿಯದ ಊರಲ್ಲಿ.

ಹೋಟೆಲಿನ ಹುಡುಗ ಉದ್ದನೆಯ ಪುಸ್ತಕ ತೆರೆದ.
ಹೆಸರು? ಲಿಂಗರಾಜೇ ಅರಸು.
ಅರಸು ಅಂದರೆ?
ಹರಕು ಹಿಂದಿಯಲ್ಲಿ ಹೇಳಿದೆ: ರಾಜಾ.
ಪೆನ್ನು ನಿಂತಿತು.
ಸೋಫಾದಲ್ಲಿ ಪೇಪರು ಹಿಡಿದಿದ್ದ ಇಬ್ಬರು ತಲೆಯೆತ್ತಿದರು.
ಆಮೇಲೆ ಎಲ್ಲರೂ ನಕ್ಕರು, ನಾನೂ ನಕ್ಕೆ.
ಹುಡುಗ ಬರಿ ಲಿಂಗ ಅಂತ ಬರಕೊಂಡ.

ಸ್ವಯಂಭುವಿನ ಮೆಟ್ಟಿಲು ಚಾಮುಂಡಿಯ ಅರ್ಧವೂ ಇಲ್ಲ,
ಆದರೂ ಏದುಸಿರು. ನಡುದಾರಿಯಲ್ಲಿ ಒಂದು ಮಂಗ
ಪುಟ್ಟಮ್ಮಣ್ಣಿಯ ಟೋಪಿ ಕಿತ್ತುಕೊಂಡು
ಬುದ್ಧನ ತೊಡೆಯ ಮೇಲೆ ಹೋಗಿ ಕೂತಿತು.

ಮೂರನೆಯ ದಿನ, ಯಾವುದೋ ಕಚೇರಿಯ ಮುಂದೆ
ಏಣಿಯ ಮೇಲೊಬ್ಬ ಪೇಂಟರು.
ಏಣಿ ಕಂಡರೆ ನನ್ನ ಕಾಲು ತಾನೇ ನಿಲ್ಲುತ್ತದೆ.
ಹಲಗೆಯಲ್ಲಿ ಶ್ರೀ, ಪಕ್ಕಕ್ಕೆ ಐದು ಎಂಬ ಅಂಕಿ.
ದೊರೆಗೆ ಐದು ಶ್ರೀ ಅಂತೆ ಅಲ್ಲಿ,
ಸಾಲಾಗಿ ಬರೆಯಲು ಜಾಗ ಸಾಲದೆ ಎಣಿಸಿ ಇಟ್ಟಿದ್ದಾರೆ.
ಅದನ್ನು ನೀಲಿಯಲ್ಲಿ ಮುಚ್ಚುತ್ತಿದ್ದ.
ಒಂದೇ ಸಲಕ್ಕೆ ಮುಚ್ಚಲಿಲ್ಲ, ಬಿಳಿ ಅಕ್ಷರ ಒಳಗಿಂದ ಇಣುಕಿತು.
ಇನ್ನೊಂದು ಕೋಟು ಹೊಡಿಯಪ್ಪ ಅಂದೆ, ಕನ್ನಡದಲ್ಲೇ.
ತಲೆಯಾಡಿಸಿದ, ಏನು ತಿಳಿಯಿತೋ.
ಕೆಳಗೆ ಏಣಿ ಹಿಡಿಯುವವರಿರಲಿಲ್ಲ.
ಹಿಡಿದೆ.

ಅಜ್ಜ ಇದ್ದಿದ್ದರೆ ಮುಖ ನೋಡುತ್ತಿರಲಿಲ್ಲ.
ದೊರೆಯ ಮಾತು ಬಂದರೆ ಕೂತಲ್ಲಿಂದ ಏಳುತ್ತಿದ್ದವನು,
ರಾಜಧನ ನಿಂತ ವರ್ಷ ಮೂರು ದಿನ ಕಾಫಿ ಬಿಟ್ಟವನು.

ಸಂಜೆ ಬೌದ್ಧನಾಥ.
ಸುಣ್ಣ ಬಳಿದ ಗುಡ್ಡ, ಮೇಲೆ ನಾಲ್ಕು ಕಡೆಗೂ ಕಣ್ಣು,
ಮೂಗಿನ ಜಾಗದಲ್ಲಿ ಅವರ ಒಂದು ಎಂಬ ಅಂಕಿ.
ಸುತ್ತುವವರ ಜೊತೆ ಸುತ್ತಿದೆ, ಪ್ರದಕ್ಷಿಣೆ ನಮ್ಮ ಹಾಗೇ.
ಅಂಗಡಿಯೊಂದರ ಟೀವಿಯಲ್ಲಿ ಯಾರದೋ ಭಾಷಣ, ಚಪ್ಪಾಳೆ ಶುರುವಾಗುವಷ್ಟರಲ್ಲಿ
ಫಟ್ಟನೆ ಕರೆಂಟು ಹೋಯಿತು.
ನನ್ನ ಕೈ ಜೇಬಿಗೆ ಹೋಯಿತು.
ಬೇರೆ ಯಾರೂ ನಿಲ್ಲಲೇ ಇಲ್ಲ.
ಮೂಲೆಯಲ್ಲಿ ಬೆಣ್ಣೆದೀಪದ ಸಾಲು, ಅದರ ಹಿಂದೆ
ಹಿತ್ತಾಳೆ ಬಟ್ಟಲು ಒರೆಸುತ್ತಿದ್ದ ಮುದುಕಿ:
ಮೈಸೂರಾ? ಊಟ ಆಯ್ತಾ?

ಚೋಕಿ ಅಂತ ಹೆಸರು.
ಬೈಲುಕುಪ್ಪೆಯಲ್ಲಿ ಹದಿನೆಂಟು ವರ್ಷ ಮುಸುಕಿನ ಜೋಳ ಬಿತ್ತಿದವಳು,
ಚಳಿಗಾಲಕ್ಕೆ ನಮ್ಮೂರ ಫುಟ್‌ಪಾತಿನಲ್ಲಿ ಸ್ವೆಟರು ಮಾರಿದವಳು.
ಹುಣಸೂರು ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲು ಇದೆಯಾ,
ಅಲ್ಲಿ ವಡೆಗೆ ಜಾಸ್ತಿ ಸಾಂಬಾರು ಹಾಕ್ತಿದ್ರು ಅಂದಳು.
ಇಲ್ಲಿ ರಾಜ ಹೋಗ್ತಾನಂತಲ್ಲಮ್ಮ, ಅಂದೆ.
ಹೋಗ್ತಾನೆ.
ದೀಪಕ್ಕೆ ಐದು ರೂಪಾಯಿ. ಚಿಲ್ಲರೆ ಕೊಡಿ.

ಮುಕ್ತಿನಾಥ ಆಯ್ತಾ ಅನ್ನುತ್ತಾರೆ ಬೀದಿಯವರು.
ಪುಟ್ಟಮ್ಮಣ್ಣಿ ಟೋಪಿಯ ಕತೆ ಹೇಳುತ್ತಾಳೆ.

ಭಾನುವಾರ, ಏಳು ಗಂಟೆ, ಸ್ವಿಚ್ಚು.
ಅಂಗಳದಲ್ಲಿ ಜನ ಓ ಎಂದು ಬಾಯಿ ತೆರೆದರು.
ನನಗೆ ಕಾಣುವುದು ಉರಿಯದವು ಮಾತ್ರ:
ಎಡಗೋಪುರದಲ್ಲಿ ಹಲ್ಲುದುರಿದ ಹಾಗೆ ಏಳು,
ಬಾಗಿಲ ಕಮಾನಿನಲ್ಲಿ ಒಂದು ಗೇಣು ಕತ್ತಲು.
ಸತ್ತ ಬಲ್ಬನ್ನು ಕಿವಿಗೆ ಹಿಡಿದು ಅಲ್ಲಾಡಿಸಿದರೆ
ಒಳಗೊಂದು ಸಣ್ಣ ಗಿಲಕಿ.

ಸೋಮವಾರ ಇಂಡೆಂಟು ಬರೆಯಲು ಕೂತೆ.
ರೂಢಿಯಂತೆ ಹಾಳೆಯ ನೆತ್ತಿಗೆ ಶ್ರೀ.
ಪೆನ್ನು ಅಲ್ಲೇ ತುಸು ಹೊತ್ತು ನಿಂತಿತು.
ಕೆಳಗೆ:
ಬಲ್ಬು, ಹದಿನೈದು ವ್ಯಾಟು, ಮುನ್ನೂರ ಹನ್ನೆರಡು.
ಏಣಿ ಹಿಡಿಯಲು ಒಬ್ಬ ಆಳು.