ಲಾರಿ ಕಾಟಾ

ಗದಗ ಮುಗದ ಮ್ಯಾಲೆ, ಮುಂಡರಗಿ ರಸ್ತಾದಾಗ
ದಾವಲನ ಮಾಮಾನ ಲಾರಿ ಕಾಟಾ.
ಮಾಮಾ ಊಟಕ್ಕ ಹೋದ್ರ ಒಂದು ನಿದ್ದಿ ಮುಗಿಸೇ ಬರಾಂವ.
ಅಲ್ಲೀತನ ಕಾಟಾ ನಮ್ಮದು.

ಪಿಯುಸಿ ಪರೀಕ್ಷಾ ಮುಗದಿತ್ತು, ರಿಸಲ್ಟು ಬಂದಿದ್ದಿಲ್ಲ.
ಉಳ್ಳಾಗಡ್ಡಿ ಲಾರಿ ಎಲ್ಲಾ ಹೋಗಿ ಆಗಿತ್ತು,
ಹೆಸರು ಇನ್ನೂ ಬಿತ್ತಿದ್ದಿಲ್ಲ.
ದಿನಕ್ಕ ಒಂದು ಗಾಡಿ ಬಂದ್ರ ಬಂತು:
ಗರಸು, ಇಲ್ಲಾ ಮೋಡಕಾ ಕಬ್ಬಿಣ.
ಬಾಕಿ ಹೊತ್ತೆಲ್ಲಾ
ಗ್ವಾಡಿಗೆ ಜಡದ ಡಬ್ಬಿಯೊಳಗ
ಒಂದು ಕೆಂಪು ಸೊನ್ನಿ.

"ಏನ್ ಮಾಡೋಣಲೇ?"
"ಏನ್ ಮಾಡ್ತಿ?"
ಇಷ್ಟು ಮಾತಿಗೆ ಅರ್ಧಾ ತಾಸು ಹಿಡೀತಿತ್ತು.
ರೊಕ್ಕಾ ಇದ್ರ ಗಿರ್ಮಿಟ್, ಇಲ್ಲದಿದ್ರ ಗಡಿಗಿ ನೀರು.
ದೂರ ಗುಡ್ಡದ ಮ್ಯಾಲಿನ ಗಾಳಿ ಫ್ಯಾನು
ಹನ್ನೊಂದರಾಗ ಏಳು ತಿರಗತಿದ್ದುವು.
ಯಾವ ಏಳು ಅಂತ ಒಂದಿನ ಜಗಳಾಡಿ
ಮರುದಿನ ಮಾತು ಬಿಟ್ವಿ.
ಮಧ್ಯಾನ್ನತನ.

ಒಮ್ಮೆ ದಾವಲ ಎದ್ದು ಹೋಗಿ ಕಾಟಾದ ನಡುವ ನಿಂತ.
ಐವತ್ತು.
ಅಂವ ಇಳದ, ನಾ ಹತ್ತಿದೆ.
ಐವತ್ತು.
ಇಬ್ಬರೂ ಕೂಡಿ ನಿಂತ್ವಿ.
ತೊಂಬತ್ತು.

ಇಳದ್ವಿ. ಮತ್ತ ಹತ್ತಿದ್ವಿ. ಹೆಗಲಿಗೆ ಹೆಗಲು ಹಚ್ಚಿ,
ಆಮ್ಯಾಲೆ ಅಂವ ಆ ತುದೀಗೆ, ನಾ ಈ ತುದೀಗೆ.
ತೊಂಬತ್ತಽ.
"ಹತ್ತು ಕೆಜಿ ಎಲ್ಲಿ ಹೋತಲೇ?"
ಬಕ್ಕಬಾರಲೆ ಮಲಗಿ ಕಾಟಾದ ಸಂದಿಯೊಳಗ
ಹಣಿಕಿ ಹಾಕಿ ನೋಡಿದ ದಾವಲ.
ಕತ್ತಲಿ, ಗ್ರೀಸಿನ ವಾಸನಿ, ಒಂದು ಹಳೇ ಬೀಡಿ ಕಟ್ಟು.
ಆ ಬ್ಯಾಸಗಿ ಪೂರಾ ಅದನ್ನಽ ಹುಡುಕಿದ್ವಿ.

ಅವರಕ್ಕನ ಫೋನಿನ್ಯಾಗ ಒಂದು ಪಿಕ್ಚರೂ ತಗದ್ವಿ.
ಹೀರೋ ಇಲ್ಲ, ಫೈಟಿಂಗ್ ಇಲ್ಲ.
ಫೋನು ಇಟ್ಟಂಗಿಗೆ ಆನಿಸಿ ಇಟ್ಟು ಬಾಜೂಕ ಕುಂತ್ವಿ, ಅಷ್ಟಽ.
ಹನ್ನೊಂದು ನಿಮಿಷ ಐತಿ.
ಖಾಲಿ ಕಾಟಾ. ಬಿಸಲು.
ಯಾರೋ ಕೆಮ್ಮತಾರ, ನಾನಽ ಇರಬೇಕು.
ಎಂಟನೇ ನಿಮಿಷಕ್ಕ ಒಂದು ಕರೀ ನಾಯಿ ಬಂದು
ನಡುವ ಕುಂತು ಕಿವಿ ಕೆರಕೋತೈತಿ.
ಡಬ್ಬಿಯೊಳಗ: ಹತ್ತು.
"ಸಿಕ್ತು!" ಅಂತ ಒದರತಾನ ದಾವಲ.
ಫೋನು ಬೀಳತೈತಿ.
ಅಲ್ಲಿಂದ ಮುಂದ ಬರೇ ಆಕಾಶ,
ನಗು ನಿಲ್ಲೂದು, ಮತ್ತ ಸುರು ಆಗೂದು.

ಲೆಕ್ಕಾ ನನಗ ಮೊದಲನೇ ದಿನದ ರಾತ್ರಿನಽ ತಿಳದಿತ್ತು.
ಕಾಟಾಕ್ಕ ಹತ್ತರ ಕೆಳಗಿಂದು ಗೊತ್ತಾಗಂಗಿಲ್ಲ.
ಅಂವ ನಲವತ್ತಾರು, ನಾ ನಲವತ್ತೇಳು.
ಹೇಳಲಿಲ್ಲ.
ಹೇಳಿದ್ರ
ಸಂಜೀತನ ಏನ್ ಮಾಡೂದಿತ್ತು?