ಒಂಬತ್ತನೇ ರೀಲು

ಸಾಗರದ ಸ್ಟೇಷನ್ನಿನಲ್ಲಿ ಇಳಿದದ್ದು ಎಂಟೇ ಡಬ್ಬ.
ಒಂಬತ್ತನೆಯದು ಬೀರೂರಿನಲ್ಲೇ ಉಳಿಯಿತೋ,
ಮಿಲಿಟರಿ ಸಾಮಾನಿನ ಜೊತೆ ಪೂನಾಕ್ಕೆ ಹೋಯಿತೋ,
ಪಾರ್ಸಲ್ ಗುಮಾಸ್ತ ತಲೆ ಎತ್ತದೆಯೇ
'ಯುದ್ಧಕಾಲ' ಅಂದ.
ಆ ವರ್ಷ ಎಲ್ಲದಕ್ಕೂ ಅದೇ ಉತ್ತರ,
ಸಕ್ಕರೆಗೂ, ಸೀಮೆಎಣ್ಣೆಗೂ,
ಬರ್ಮಾಕ್ಕೆ ಹೋದ ನನ್ನಣ್ಣನ ಕಾಗದಕ್ಕೂ.

ಟೆಂಟು ಎದ್ದಾಗಿತ್ತು, ಗಾಡಿಗಳು ಬಂದಾಗಿತ್ತು.
ಬಾಷುಮಿಯಾ ಕಾರ್ಬನ್ ಕಡ್ಡಿ ಹೊತ್ತಿಸಿದ.
ನಾನು ಗುತ್ಯಪ್ಪ, ಹದಿಮೂರು ವರ್ಷ,
ಮುಗಿದ ರೀಲನ್ನು ಹಿಂದಕ್ಕೆ ಸುತ್ತುವವನು.
ಸತ್ತವರನ್ನು ದಿನಾ ಎಬ್ಬಿಸುವ ಕೆಲಸ,
ತಿಂಗಳಿಗೆ ನಾಲ್ಕು ರೂಪಾಯಿ.

ಪರದೆಯ ಮೇಲೆ ಲಂಡನ್ನು, ಅಂದರೆ ಕತ್ತಲೆ.
ವಿಮಾನ ಬರುತ್ತವೆಂದು ಊರಿಗೆ ಊರೇ ದೀಪ ಆರಿಸಿ ಕೂತಿದೆ,
ಆ ಕತ್ತಲಲ್ಲಿ ಯಾರೋ ಯಾರದೋ ಕುತ್ತಿಗೆ ಹಿಸುಕುತ್ತಾರೆ.
ನಮ್ಮವರಿಗೆ ಕೊಲೆಗಿಂತ ಅದೇ ಆಶ್ಚರ್ಯ:
ಬಿಳಿಯರೂ ದೀಪವಿಲ್ಲದೆ ಕೂರುತ್ತಾರಲ್ಲ!

ಮಾತು ಇಂಗ್ಲಿಷು. ಅದಕ್ಕೆ ಇಂತ್ರು ಮೇಷ್ಟ್ರು
ಸ್ಟೂಲಿನ ಮೇಲೆ ನಿಂತು ತಗಡಿನ ತುತ್ತೂರಿಯಲ್ಲಿ
ಕನ್ನಡ ಮಾಡುತ್ತಿದ್ದರು:
'ಈಕೆ ಬಾಡಿಗೆ ಮನೆ ಯಜಮಾನಿ, ಪಾಪದವಳು,
ಬಂದವರಿಗೆಲ್ಲ ಚಾ ಕೊಡುತ್ತಾಳೆ.
ಇವನು ಪತ್ತೇದಾರ, ಹೋದಲ್ಲೆಲ್ಲ ಛತ್ರಿ ಮರೆಯುತ್ತಾನೆ.
ಇವನು, ಸಣ್ಣ ಮೀಸೆಯವನು, ರೇಷನ್ ಅಂಗಡಿಯವ.'
ಮಂಜು ಬಂದಾಗ ಮಾತ್ರ ಅವರು ಸುಮ್ಮನಿದ್ದರು.
ಮಾಗಿಯ ಮಂಜು ಟೆಂಟಿನೊಳಗೂ ನುಗ್ಗಿತ್ತು.
ಯಾವುದು ಲಂಡನ್ನಿನದು, ಯಾವುದು ಇಕ್ಕೇರಿ ಕಡೆಯದು,
ಬೆಳಕಿನ ಕೋಲಿಗೂ ಗೊತ್ತಾಗಲಿಲ್ಲ.

ಎಂಟನೇ ರೀಲು ಮುಗಿಯಿತು.
ಬಾಗಿಲ ಹಿಡಿ ತಿರುಗುತ್ತಿದೆ. ಅಷ್ಟೇ.
ಬರೀ ಪರದೆ. ನಾನೂರು ಜನದ ಉಸಿರು.
ನೆಲದ ಕ್ಲಾಸಿನಿಂದ ಒಬ್ಬ: 'ಕೊಂದವ ಯಾರು ಮಾರಾಯ್ರೆ?'

ಮೇಷ್ಟ್ರು ತುತ್ತೂರಿ ಒರೆಸಿಕೊಂಡರು.
ಎದುರಿಗೆ, ಕುರ್ಚಿಯ ಸಾಲಿನಲ್ಲಿ, ಶಾಲು ಹೊದ್ದು
ಸೀಮೆಎಣ್ಣೆ ಡಿಪೋದ ಕಾಂತಯ್ಯ.
ಮೂರು ವಾರದಿಂದ 'ಸ್ಟಾಕಿಲ್ಲ' ಅಂದವನು.
ಅವನಿಗೂ ಸಣ್ಣ ಮೀಸೆ.
'ಕೊಂದವನು,' ಅಂದರು ಮೇಷ್ಟ್ರು, ಬಹಳ ಮೆಲ್ಲಗೆ,
'ಇದ್ದ ಮಾಲನ್ನು ನೆಲಮಾಳಿಗೆಗೆ ಸೇರಿಸಿ ಇಲ್ಲ ಅಂದವನು.
ಸತ್ತ ಮೂವರೂ ಅದನ್ನು ಕಂಡಿದ್ದರು.'
ಯಾರೂ ಚಪ್ಪಾಳೆ ತಟ್ಟಲಿಲ್ಲ.
ನಾನೂರು ತಲೆ ಒಂದೇ ಕಡೆ ತಿರುಗಿದ ಸದ್ದು
ಆಮೇಲೆ ನಾನು ಎಲ್ಲೂ ಕೇಳಿಲ್ಲ.

ಬೆಳಿಗ್ಗೆ ಡಿಪೋ ತೆರೆದಿತ್ತು. ಮನೆಗೆ ಎರಡು ಬಾಟಲಿ.
ಬಚ್ಚಿಟ್ಟದ್ದೋ, ರಾತ್ರಿ ರೈಲಿಗೆ ಬಂದದ್ದೋ,
ಸಾಲಿನಲ್ಲಿ ನಿಂತ ಯಾರೂ ಕೇಳಲಿಲ್ಲ.

ಹದಿನೇಳು ದಿನದ ಮೇಲೆ ಒಂಬತ್ತನೇ ರೀಲು ಬಂತು,
ಡಬ್ಬ ಜಜ್ಜಿಹೋಗಿ, ಮೇಲೆ ಮೂರು ಊರಿನ ಮೊಹರು.
ಟೆಂಟು ಬಿಚ್ಚಿಯಾಗಿತ್ತು. ಬಾಷುಮಿಯಾನ ಪಂಚೆ ಕಟ್ಟಿ
ನಾವು ಮೂವರೇ ನೋಡಿದೆವು.
ಬಾಗಿಲು ತೆರೆಯಿತು: ಚಾ ಕೊಡುವವಳು.
ಕೈಯಲ್ಲಿ ತಟ್ಟೆ, ಒಂದು ಹನಿ ಚೆಲ್ಲಿಲ್ಲ.
ಅಂಗಡಿಯವ ಅವಳನ್ನು ತಡೆಯಲು ಹೋಗಿ
ಮೆಟ್ಟಿಲ ಮೇಲೆ ಸತ್ತ.

ಮೇಷ್ಟ್ರು ಬಹಳ ಹೊತ್ತು ಕೂತೇ ಇದ್ದರು.
ಆಮೇಲೆ, 'ಸುತ್ತೋ ಗುತ್ಯಪ್ಪ.'
ಸುತ್ತಿದೆ. ಸುರುಳಿಯ ಕತ್ತಲಲ್ಲಿ ಅಂಗಡಿಯವ ಎದ್ದ,
ಹಿಂದಿಂದಕ್ಕೆ ಮೆಟ್ಟಿಲಿಳಿದು ಹೋದ.

ಕಾಂತಯ್ಯ ಅಷ್ಟರಲ್ಲಿ ಮೀಸೆ ತೆಗೆಸಿದ್ದ.
ಮತ್ತೆ ಬಿಟ್ಟಿದ್ದನ್ನು ನಾನು ನೋಡಲಿಲ್ಲ.