ತವರದ ಪೇಟೆ

ಮೊದಲು ಸಾಲಾಗಿ ನಿಲ್ಲಿಸಿದೆ. ತಪ್ಪು ಅದು.
ಸಾಣೆ ಹಿಡಿಯುವವ, ಹಾಲಿನವಳು, ವಿಗ್ಗಿಗೆ ಹಿಟ್ಟು ಹೊಡೆಯುವವ,
ಎಲ್ಲರೂ ಭುಜಕ್ಕೆ ಭುಜ ತಾಗಿಸಿ
ಕವಾಯತಿಗೆ ಹಿಡಿದು ತಂದವರಂತೆ ಕಂಡರು.
ಅಣ್ಣ ಎಕ್‌ಹಾರ್ಟ್ ಬಾಗಿಲಲ್ಲಿ ಇಣುಕಿ
‘ಯಾವ ರೆಜಿಮೆಂಟು, ಕುನಿಗುಂಡೆ?’ ಎಂದ.

ಅವನದು ಸೈನ್ಯ. ಸಾವಿರದ ನಾನೂರ ಹನ್ನೆರಡು ತಲೆ,
ಪಿಂಗ್‌ಪಾಂಗ್ ಮೇಜಿನ ಮೇಲೆ
ಇನ್ನೂರೈವತ್ತು ವರ್ಷದಿಂದ ಇಳಿಯದ ಒಂದು ಮಧ್ಯಾಹ್ನ.
ನನ್ನವರು, ಆ ಮಧ್ಯಾಹ್ನವೂ
ಹಾಲು ಕೆಡುವ ಮೊದಲು ಮಾರಬೇಕಾದವರು.

ಕುಲ್ಮ್‌ಬಾಖಿನ ನಮ್ಮ ಬೊಂಬೆಗಳು ಚಪ್ಪಟೆ.
ಕಲ್ಲಿನ ಅಚ್ಚಿಗೆ ತವರ ಹುಯ್ದು ತೆಗೆದ, ಕಾಸಿನ ದಪ್ಪದವರು.
ಎದುರಿಂದ ನೋಡು: ಹೊಟ್ಟೆ, ಸೊಂಟ, ಲಂಗದ ನಿರಿಗೆ.
ಮಗ್ಗುಲಿಗೆ ಬಾ: ಬರೀ ಒಂದು ಗೀರು.
ಬಡವರನ್ನು ಊರು ನೋಡುವುದೂ ಹೀಗೇ
ಎಂದು ಬರೆಯಹೊರಟೆ; ಬೇಡ,
ದಪ್ಪ ಹೊಟ್ಟೆಯ ಪುರಸಭಾಧ್ಯಕ್ಷನೂ ಮಗ್ಗುಲಿಂದ ಗೀರೇ.

ಹಾಗಾಗಿ ಸ್ವಲ್ಪ ಓರೆಯಾಗಿ ನಿಲ್ಲಿಸಬೇಕು,
ಅರ್ಧ ನಮ್ಮ ಕಡೆ, ಅರ್ಧ ಅವರವರ ಕೆಲಸದ ಕಡೆ.
ಹಲಗೆ ಕುಳಿತವರ ಕಣ್ಣಿನ ಮಟ್ಟಕ್ಕಿರಲಿ,
ಮೇಲಿಂದ ನೋಡುವುದು ಸೇನಾಪತಿಯ ಚಟ.
ದೀಪ ಎಡಗಡೆಯಿಂದ, ತಗ್ಗಾಗಿ,
ಹೊತ್ತು ಮುಳುಗುವ ಮುನ್ನ ವ್ಯಾಪಾರ ಮುಗಿಸುವ ಅವಸರ
ನೆರಳಲ್ಲಿ ಉದ್ದವಾಗಬೇಕು.
ಹಲ್ಲು ಕೀಳುವವನ ಸುತ್ತ ಗುಂಪು ಕಟ್ಟಿದೆ:
ಎಲ್ಲರ ಬೆನ್ನೂ ನಮಗೆ.
ನೋವು ಕಾಣದು, ಇಣುಕುವ ಹಿಮ್ಮಡಿಗಳು ಕಾಣುತ್ತವೆ.

ಒಬ್ಬಳಿಗೆ ಎರಕ ಸರಿಯಾಗಿ ಇಳಿದಿಲ್ಲ.
ಕೈಯಲ್ಲಿ ಬಕೆಟ್ಟು, ಅರ್ಧ ಮುಖವೇ ಇಲ್ಲ.
ಕರಗಿಸಿಬಿಡು ಎಂದರು ಸಂಘದವರು.
ನಾನು ಬೆಂಕಿಪೊಟ್ಟಣಕ್ಕೆ ಸುಣ್ಣ ಬಳಿದು
ಬಾಗಿಲೊಂದು ಕೊರೆದು,
ಉಳಿದ ಅರ್ಧ ಮುಖ ಹೊರಗಿರುವಂತೆ ಅವಳನ್ನು ಹೊಸ್ತಿಲಲ್ಲಿಟ್ಟೆ.
ತವರದವರಿಗೂ ಒಂದು ತವರು ಬೇಡವೇ?

ಇನ್ನೊಂದು ಮಾತು. ಇದನ್ನು ಸಂಘದಲ್ಲಿ ಹೇಳಿಲ್ಲ.
ಹನ್ನೊಂದು ಚಳಿಗಾಲದ ಹಿಂದೆ, ಅಣ್ಣ ಜ್ವರದಲ್ಲಿ ಮಲಗಿದ್ದಾಗ,
ಮೂರನೇ ಸಾಲಿನ ಕೊನೆಯವನೊಬ್ಬನನ್ನು ಎತ್ತಿಕೊಂಡು ಬಂದೆ.
ಉಗುರಿನ ಅರದಿಂದ ಕೋವಿ ಉಜ್ಜಿದೆ. ಎರಡು ಸಂಜೆ ಹಿಡಿಯಿತು.
ನೀಲಿ ಕೋಟಿಗೆ ಅಡಿಕೆ ಬಣ್ಣ ಹಚ್ಚಿ
ಬ್ರೆಟ್ಜೆಲ್ ಮಾರುವವಳ ಮುಂದೆ
ಮೂವರ ಹಿಂದೆ ನಾಲ್ಕನೆಯವನಾಗಿ ನಿಲ್ಲಿಸಿದೆ.
ಕೋವಿ ಹೋಯಿತು, ಕೈ ಮಾತ್ರ ಹಾಗೇ ಉಳಿಯಿತು,
ಇಲ್ಲದ್ದನ್ನು ಹಿಡಿದುಕೊಂಡು, ಎದೆಯೆತ್ತರಕ್ಕೆ.

ಅಣ್ಣ ಎಣಿಸಿದ. ಮತ್ತೆ ಎಣಿಸಿದ.
ಸಾವಿರದ ನಾನೂರ ಹನ್ನೊಂದು.
ಮೇಜಿನ ಕೆಳಗೆ ಟಾರ್ಚು ಹಿಡಿದು ತೆವಳಿದ,
ವ್ಯಾಕ್ಯೂಮ್ ಕ್ಲೀನರಿನ ಚೀಲ ಬಿಚ್ಚಿ ಪತ್ರಿಕೆಯ ಮೇಲೆ ಸುರಿದ.
ನಾನು ಆಲೂಗಡ್ಡೆ ಹೆಚ್ಚುತ್ತಿದ್ದೆ.
ಸೈನ್ಯ ಬಿಟ್ಟು ಓಡಿದವರಿಗೆ ಆ ಕಾಲದಲ್ಲಿ ಏನು ಶಿಕ್ಷೆ
ಎಂದು ಊಟದ ನಡುವೆ ಅವನೇ ಹೇಳಿದ, ಯಾರನ್ನೂ ನೋಡದೆ.

ಆಮೇಲೆ ಭಾನುವಾರಗಳಲ್ಲಿ ಬರತೊಡಗಿದ,
ಕಾಫಿ ಬಟ್ಟಲು ಹಿಡಿದು ನನ್ನ ಪೇಟೆಯ ಮುಂದೆ ಕೂರಲು.
ಬ್ರೆಟ್ಜೆಲಿನವಳ ಬುಟ್ಟಿಗೆ ಇನ್ನಷ್ಟು ಹಳದಿ ಬೇಕು ಅನ್ನುತ್ತಿದ್ದ,
ಕಲ್ಲುಹಾಸು ವಿಪರೀತ ಸ್ವಚ್ಛ ಅನ್ನುತ್ತಿದ್ದ.
ಹೌದಾ, ಅನ್ನುತ್ತಿದ್ದೆ.

ಮೊನ್ನೆ ಧೂಳು ಹೊಡೆಯಲು ಕುಂಚ ತೆಗೆದುಕೊಂಡು ಹೋದೆ.
ನಾಲ್ಕನೆಯವನ ಕೈಯಲ್ಲಿ ಒಂದು ಪೊರಕೆ.
ತಾಮ್ರದ ತಂತಿಯ ಹಿಡಿ, ತುದಿಗೆ
ಯಾವುದೋ ಹಳೇ ಬ್ರಶ್ಶಿನ ಏಳೆಂಟು ಕೂದಲು.
ಅಂಟು ಇನ್ನೂ ಪೂರ್ತಿ ಒಣಗಿರಲಿಲ್ಲ.